ಪ್ರತಿ ಮೇಜಿನಿಂದ ಒಂದು ಗುಟುಕು

ಫಿಲಡೆಲ್ಫಿಯಾ
14 ಸೆಪ್ಟೆಂಬರ್ 1999, ಮಂಗಳವಾರ

ಟಾನೋ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ದಪ್ಪ ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದೆ. ಎಸ್ಕರೋಲ್ ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆದೆ, ಆದರೂ ಮರಳು ಹೋಗಲಿಲ್ಲ. ಟೊಮೆಟೊ ಗ್ರೇವಿ ಒಲೆಯ ಮೇಲಿದೆ. ಐದೂವರೆಗೆ ಹೋಟೆಲಿನ ಬಾಗಿಲು ತೆಗೆಯಬೇಕು. ಬಡಿಸಲು ಡಾಟ್ ಬರುವುದರೊಳಗೆ ಇದನ್ನು ಮುಗಿಸುತ್ತೇನೆ.

ವಾರಕ್ಕೆ ಹತ್ತು ನಿಮಿಷ ಫೋನು ಮಾಡಲು ಬಿಡುತ್ತಾರೆ ಎಂದು ನೀನು ಹೇಳಿದೆ. ಆ ಹತ್ತು ನಿಮಿಷದಲ್ಲಿ ನನಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಕಾಗದವೇ ಮೇಲು.

ಬರುವ ಶನಿವಾರಕ್ಕೆ ನಿಮ್ಮಪ್ಪ ಹೋಗಿ ಆರು ತಿಂಗಳು. ಚರ್ಚಿನಲ್ಲಿ ಬಲಿಪೂಜೆಗೆ ಹೇಳಿದ್ದೇನೆ. ನೀನು ಎಲ್ಲಿ ಎಂದು ಕೇಳಿದವರಿಗೆಲ್ಲ ನ್ಯೂಜೆರ್ಸಿಯಲ್ಲಿ ಸೋದರಮಾವನ ಹತ್ತಿರ ಕೆಲಸಕ್ಕಿದ್ದಾನೆ ಎನ್ನುತ್ತೇನೆ. ಕುಡಿತ ಬಿಡಿಸುವ ಕಡೆ ಇದ್ದಾನೆ ಎಂದು ಹೇಳಲು ಬಾಯಿ ಬರುವುದಿಲ್ಲ. ಕಿಟಕಿಯ ಮೇಜಿನ ಫೀನಿ ಮಾತ್ರ ಬಿಡುವುದಿಲ್ಲ. ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ಇದ್ದವನು, ಹೊಗೆ ಎಲ್ಲಿದ್ದರೂ ಅವನಿಗೆ ವಾಸನೆ ಹತ್ತುತ್ತದೆ.

"ಅದೇನು ಲೊರೆಟಾ, ನ್ಯೂಜೆರ್ಸಿಯಿಂದ ಇಲ್ಲಿಗೆ ಸೇತುವೆ ದಾಟಿದ್ರೆ ಅರ್ಧ ಗಂಟೆ. ನಿನ್ ಮಗ ಈಜ್ಕೊಂಡ್ ಬರ್ತಾನಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಡುಗೆಮನೆಗೆ ಬಂದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ನಿನಗೆ ಹೇಳದ ಒಂದು ಮಾತಿದೆ. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಯಜಮಾನರು ದಿನಕ್ಕೆ ಎಷ್ಟು ಕುಡಿಯುತ್ತಾರೆ ಎಂದು ಕೇಳಿದ್ದರು. ನಮ್ಮ ಮನೆಯಲ್ಲಿ ಒಂದು ಬಾಟಲಿಯೂ ಇಲ್ಲ ಡಾಕ್ಟ್ರೇ, ಹೋಟೆಲಿನಲ್ಲೂ ಮಾರುವುದಿಲ್ಲ, ನಮಗೆ ಲೈಸೆನ್ಸೇ ಇಲ್ಲ ಎಂದೆ. ಅದು ನಿಜ. ನಿಮ್ಮಪ್ಪ ಜನ್ಮದಲ್ಲಿ ಒಂದು ಬಾಟಲಿ ಕೊಂಡವರಲ್ಲ. ಬಾಟಲಿ ನೀವೇ ತನ್ನಿ ಎಂದು ಕಿಟಕಿಯಲ್ಲಿ ಹಲಗೆ ಹಾಕಿದರು, ಜನ ತಂದರು, ತಂದವರು ಪ್ರೀತಿಯಿಂದ ಒಂದು ಗುಟುಕು ಕೊಟ್ಟರು. ಹನ್ನೊಂದು ಮೇಜು, ಸಂಜೆಗೆ ಎರಡು ಪಂಕ್ತಿ. ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿದೆ, ಸಂಜೆಗೆ ಇಪ್ಪತ್ತೆರಡು ಗುಟುಕು. ಅವರು ಹೋದ ಮೇಲೆ ಆ ಗುಟುಕುಗಳನ್ನು ನಿನಗೂ ಕೊಡಲು ಶುರುಮಾಡಿದರಲ್ಲ.

ಅಲ್ಲಿ ಚಳಿ ಶುರುವಾಗಿದ್ದರೆ ಹೇಳು, ಅಪ್ಪನ ಉಣ್ಣೆ ಕೋಟು ಕಳಿಸುತ್ತೇನೆ.

ನಿನ್ನ ಅಮ್ಮ,
ಲೊರೆಟಾ

•

23 ಸೆಪ್ಟೆಂಬರ್

ಅಮ್ಮಾ,

ಕುಡಿತ ಬಿಟ್ಟು ಇವತ್ತಿಗೆ ಎಂಬತ್ತಮೂರು ದಿನ. ಇಲ್ಲಿ ಎಲ್ಲರೂ ದಿನಗಳನ್ನು ಹೀಗೇ ಹೇಳುತ್ತಾರೆ. ಕೋಟು ಕಳಿಸು.

ನನಗೆ ಅಡುಗೆಮನೆಯ ಕೆಲಸ ಕೊಟ್ಟಿದ್ದಾರೆ. ಆಲೂಗಡ್ಡೆ, ಆಲೂಗಡ್ಡೆ, ಮತ್ತೆ ಆಲೂಗಡ್ಡೆ. ನೀನು ನೋಡಿದರೆ ಚಾಕು ಕಿತ್ತುಕೊಳ್ಳುತ್ತೀಯ. ಪಕ್ಕದ ಹಾಸಿಗೆಯ ವೆಂಡೆಲ್ ಅಂಚೆಯವನಾಗಿದ್ದವನು. "ಹದ್ನೆಂಟ್ ವರ್ಷ ಊರಿಗೆಲ್ಲಾ ಕಾಗದ ಹಂಚ್ದೆ, ಇಲ್ಲಿಗ್ ಬಂದ್ಮೇಲೆ ನನಗೊಬ್ರೂ ಬರೀಲಿಲ್ಲ. ನಿಮ್ಮಮ್ಮನ್ನ ನನಗೂ ಅಮ್ಮ ಮಾಡ್ಕೊಳೋ" ಅನ್ನುತ್ತಾನೆ. ಮುಂದಿನ ಕಾಗದದಲ್ಲಿ ಅವನಿಗೂ ಒಂದು ಸಾಲು ಬರಿ.

ಮೊನ್ನೆ ಯಾರೋ ಸೇಬುಹಣ್ಣನ್ನು ಕಂದು ಕಾಗದದ ಚೀಲದಲ್ಲಿ ತಂದರು. ಆ ಚೀಲ ಸರಸರ ಅಂದದ್ದಕ್ಕೇ ನನ್ನ ಅಂಗಿ ಬೆನ್ನಿಗೆ ಅಂಟಿತು. ಜನ ಬಾಟಲಿ ತರುವುದು ಅಂಥ ಚೀಲದಲ್ಲೇ, ನಮ್ಮ ಬಾಗಿಲಲ್ಲಿ ಕೇಳುವುದು ಅದೇ ಸದ್ದಲ್ಲವಾ. ಅಮ್ಮ, ನಾನು ಬೇಡ ಅನ್ನಲಿಲ್ಲ ಎಂದು ನೀನು ತಿಳಿದಿರಬಹುದು. ಅಂದಿದ್ದೆ. "ನಿಮ್ಮಪ್ಪ ಎಂದೂ ನನ್ನ ಬಾಟಲಿಗೆ ಬೇಡ ಅಂದೋನಲ್ಲ, ನಿನಗೇನ್ ದೊಡ್ಡಸ್ತಿಕೆ?" ಅಂದರು ಬಾಟಲಿ ತಂದವರು. ಅದೂ ಅಪ್ಪನ ಮಣ್ಣು ಆದ ಮರುವಾರ. ಆಮೇಲೆ ಬೇಡ ಅನ್ನುವುದನ್ನು ಬಿಟ್ಟೆ. ಜೂನಿನಲ್ಲಿ ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದಾಗ ನಾನು ಜಾರಿದೆ ಎಂದು ನೀನು ಎಲ್ಲರಿಗೂ ಹೇಳಿದೆ. ನಾನು ಜಾರಲಿಲ್ಲ, ಕುಡಿದಿದ್ದೆ.

ಒಂದು ಒಳ್ಳೆಯ ಸುದ್ದಿ. ಇಲ್ಲಿ ಪೇಟೆಯಲ್ಲಿ ಕ್ಲೆಮನ್ಸ್ ಎಂಬುವವನ ಬ್ರೆಡ್ ಅಂಗಡಿ ಇದೆ. ಡಿಸೆಂಬರ್ ಒಂದರಿಂದ ಕೆಲಸಕ್ಕೆ ಬಾ, ಮೇಲೆ ಒಂದು ಕೋಣೆಯೂ ಇದೆ ಎಂದಿದ್ದಾನೆ. ಹಿಟ್ಟು, ನೀರು, ಬೆಂಕಿ ಬಿಟ್ಟರೆ ಅಲ್ಲಿ ಏನೂ ಇಲ್ಲ. ಆದರೆ ನೀನೊಬ್ಬಳೇ ಅಲ್ಲಿ. ಏನು ಮಾಡಲಿ, ಹೇಳು.

ಅಪ್ಪನ ಲೋಟ ಈಗಲೂ ಅಲ್ಲೇ ಇದೆಯಾ?

ಟಾನೋ

•

12 ಅಕ್ಟೋಬರ್, ಮಂಗಳವಾರ

ಟಾನೋ,

ಬೆಳಿಗ್ಗೆ ಎಂಟು ಗಂಟೆ. ನಿನ್ನೆ ರಜೆ. ಮೇಜುಬಟ್ಟೆಗಳನ್ನು ಇಸ್ತ್ರಿ ಮಾಡಿದೆ, ಸ್ಮಶಾನಕ್ಕೆ ಹೋಗಿ ಬಂದೆ. ಬೇರೇನೂ ಇಲ್ಲ.

ಕ್ಲೆಮನ್ಸನಿಗೆ ಹೂಂ ಎಂದು ಹೇಳು. ಯೋಚನೆ ಮಾಡಬೇಡ. ಇಲ್ಲಿಗೆ ಬರಬೇಡ. ಇದನ್ನು ಬರೆಯುವಾಗ ನನಗೆ ಹೇಗಾಗುತ್ತದೆ ಎಂದು ನಿನಗೆ ಮಕ್ಕಳಾದ ಮೇಲೆ ತಿಳಿಯುತ್ತದೆ. ಆದರೂ ಬರಬೇಡ. ನೀನು ಮತ್ತೆ ಆ ಮೇಜುಗಳ ನಡುವೆ ಓಡಾಡುವುದು ನನ್ನ ಕಣ್ಣಿಗೆ ಕಟ್ಟುತ್ತದೆ. ಫೀನಿ ಬಾಟಲಿ ಎತ್ತುತ್ತಾನೆ, ನೀನು ಕೈ ಚಾಚುತ್ತೀಯ. ಅಲ್ಲಿಗೆ ಎಚ್ಚರವಾಗುತ್ತದೆ.

ಲೋಟ ಇದೆ. ತಟ್ಟೆ ಹೊರಗೆ ಕೊಡುವ ಅಡುಗೆಮನೆಯ ಕಿಂಡಿಯ ಪಕ್ಕದ ಕಟ್ಟೆಯ ಮೇಲೆ, ಫೀನಿ ಇಟ್ಟಲ್ಲೇ. ಮಣ್ಣು ಮಾಡಿ ಬಂದ ಮೊದಲ ಶುಕ್ರವಾರ ಅವನು ಅಪ್ಪನ ಲೋಟವನ್ನು ಶೆಲ್ಫಿನಿಂದ ತೆಗೆದು "ಎರ್ಕೊಲೆ ಪಾಲು" ಎಂದು ಒಂದು ಬೆರಳಷ್ಟು ವೈನು ಸುರಿದದ್ದು ನಿನಗೂ ನೆನಪಿರಬೇಕು. ಈಗ ಎಲ್ಲರೂ ಸುರಿಯುತ್ತಾರೆ. ಅಪ್ಪನನ್ನು ನೋಡೇ ಇರದವರು ಕೂಡ ಪಕ್ಕದ ಮೇಜನ್ನು ನೋಡಿ ಎದ್ದು ಬಂದು ಸುರಿಯುತ್ತಾರೆ. ಚಿಕ್ಕ ಲೋಟ ತುಂಬಿ ಕಟ್ಟೆಯ ಮೇಲೆಲ್ಲ ಹರಿಯುತ್ತಿತ್ತು. ಅದಕ್ಕೆ ದೊಡ್ಡದೊಂದನ್ನು ಇಟ್ಟಿದ್ದೇನೆ, ನಿಂಬೆಪಾನಕದ ಗಾಜಿನ ಲೋಟ ಇತ್ತಲ್ಲ, ಅದು.

ಬೇಡ ಎನ್ನಲು ನನ್ನಿಂದಾಗಲಿಲ್ಲ. ಅವರು ಅದನ್ನು ಸುರಿಯುವಾಗ ಎರ್ಕೊಲೆ ಎನ್ನುತ್ತಾರೆ. ಇಡೀ ದಿನದಲ್ಲಿ ನಿಮ್ಮಪ್ಪನ ಹೆಸರು ನನ್ನ ಕಿವಿಗೆ ಬೀಳುವುದು ಆಗ ಮಾತ್ರ.

ಬಲ ಮಣಿಕಟ್ಟು ಸ್ವಲ್ಪ ಸುಟ್ಟಿದೆ. ಒಲೆಯ ಬಾಗಿಲು ತಗುಲಿತು, ಏನೂ ಇಲ್ಲ. ಅದಕ್ಕೇ ಅಕ್ಷರ ಸೊಟ್ಟ. ನಿನ್ನೆ ರಜೆ ಇತ್ತು. ಮೇಜುಬಟ್ಟೆಗಳನ್ನು ಇಸ್ತ್ರಿ ಮಾಡಿದೆ.

ವೆಂಡೆಲ್‌ಗೆ ಹೇಳು: ಮಗನೇ, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು, ನನ್ನ ಟಾನೋನ ಆಲೂಗಡ್ಡೆಯನ್ನು ಬೈಯಬೇಡ.

ನಿನ್ನ ಅಮ್ಮ,
ಲೊರೆಟಾ

•

20 ಅಕ್ಟೋಬರ್

ಅಮ್ಮಾ,

ವೆಂಡೆಲ್ ನಿನ್ನ ಸಾಲನ್ನು ಕತ್ತರಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ.

ಒಂದೇ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಮೇಜುಬಟ್ಟೆ ಇಸ್ತ್ರಿ ಮಾಡಿದ್ದನ್ನು ಒಂದೇ ಕಾಗದದಲ್ಲಿ ಎರಡು ಸಲ ಬರೆದಿದ್ದೀಯ. ಮೂವತ್ತು ವರ್ಷದಲ್ಲಿ ನೀನು ಒಲೆಗೆ ಕೈ ಸುಟ್ಟುಕೊಂಡದ್ದನ್ನು ನಾನು ನೋಡಿಲ್ಲ.

ಅಪ್ಪನ ಲೋಟ ತುಂಬಿದ ಮೇಲೆ ಅದನ್ನು ಖಾಲಿ ಮಾಡುವವರು ಯಾರು?

ಟಾನೋ

•

3 ನವೆಂಬರ್

ಟಾನೋ,

ನಾಲ್ಕು ಗಂಟೆ. ಬೆಳಿಗ್ಗೆ ಮೀನು ಬಂತು, ಚೆನ್ನಾಗಿರಲಿಲ್ಲ, ವಾಪಸು ಕಳಿಸಿದೆ.

ಡಾಟ್ ಚೆಲ್ಲುತ್ತಾಳೆ. ಇನ್ಯಾರು? ಹೆತ್ತ ತಾಯಿಗೆ ಕೇಳುವ ಪ್ರಶ್ನೆಯಾ ಇದು? ಅಲ್ಲಿಯವರು ನಿಮಗೆ ಇದನ್ನೇ ಹೇಳಿಕೊಡುವುದೇನು, ಎಲ್ಲರನ್ನೂ ಅನುಮಾನದಿಂದ ನೋಡಿ ಎಂದು?

ಕೋಟು ಕಳಿಸಿದ್ದೇನೆ. ಎಡ ಜೇಬು ಹರಿದಿತ್ತು, ಹೊಲಿದಿದ್ದೇನೆ. ಗ್ರೇವಿ ಉಕ್ಕುತ್ತಿದೆ.

ಅಮ್ಮ

•

15 ನವೆಂಬರ್, ಸೋಮವಾರ

ಟಾನೋ ಮರಿ,

ನಾನು ಡಾಟ್. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ಆರ್ಡರು ಬರೆದು ಮಾತ್ರ ಗೊತ್ತು. ಆದ್ದರಿಂದ ಆರ್ಡರಿನ ಹಾಗೇ ಬರೆಯುತ್ತೇನೆ.

ನೀನು ಫೋನಿನಲ್ಲಿ ಕೇಳಿದಾಗ ನಿಮ್ಮಮ್ಮ ಪಕ್ಕದಲ್ಲೇ ನಿಂತಿದ್ದಳು, ಅದಕ್ಕೆ ಹೂಂ ಹೂಂ ಎಂದೆ. ಲೋಟವನ್ನು ನಾನು ಚೆಲ್ಲುವುದಿಲ್ಲ. ಏಪ್ರಿಲಿನಲ್ಲಿ ಚೆಲ್ಲುತ್ತಿದ್ದೆ. ಮೇ ತಿಂಗಳಲ್ಲಿ ನಿಮ್ಮಮ್ಮ, "ಅದನ್ನ ಮುಟ್ಬೇಡ ಡಾಟ್, ಅದು ನನ್ ಗಂಡಂದು" ಅಂದಳು. ಸರಿ, ದುಃಖದಲ್ಲಿದ್ದಾಳೆ ಎಂದು ಸುಮ್ಮನಾದೆ. ನಾನು ಕೋಟು ಹಾಕಿಕೊಂಡು ಹೊರಡುವಾಗ ಅದು ತುಂಬಿರುತ್ತದೆ. ಮಾರನೆಯ ದಿನ ಬಂದಾಗ ತೊಳೆದು ಬೋರಲು ಹಾಕಿರುತ್ತದೆ.

ಕೆಂಪು, ಬಿಳಿ, ಸಿಹಿ, ಹುಳಿ, ಇಪ್ಪತ್ತು ಮನೆಯ ವೈನು ಒಂದೇ ಲೋಟದಲ್ಲಿ. ಹಂದಿಗೆ ಇಟ್ಟರೂ ಮೂಸಿ ನೋಡುವುದಿಲ್ಲ. ಮೊನ್ನೆ ಕೇಳಿಯೇಬಿಟ್ಟೆ.

"ಲೊರೆಟಾ, ನೀನದನ್ನ ಕುಡೀತಿದೀಯಾ?"

"ನಿನ್ ಕೆಲ್ಸ ನೀನ್ ನೋಡ್ಕೋ."

"ಇದೇ ನನ್ ಕೆಲ್ಸ ಮಾರಾಯ್ತಿ. ನಾಳೆ ನೀನು ಮೆಟ್ಲಿಂದ ಬಿದ್ರೆ ಎತ್ಬೇಕಾದೋಳು ನಾನೇ, ನನ್ ಸೊಂಟ ನೋಡಿದೀಯಾ?"

ನಗಲಿಲ್ಲ. ಚಾಕುವನ್ನು ಹಲಗೆಯ ಮೇಲೆ ಇಟ್ಟು ಮಹಡಿಗೆ ಹೋದಳು. ಆ ಸಂಜೆ ಇಪ್ಪತ್ತಾರು ಜನಕ್ಕೆ ನಾನೇ ಪಾಸ್ಟಾ ಬೇಯಿಸಿದೆ, ದೇವರೇ ಅವರನ್ನು ಕಾಪಾಡಬೇಕು.

ಈಗ ಮಧ್ಯಾಹ್ನವೂ ಅವಳ ಬಾಯಿ ವಾಸನೆ ಬರುತ್ತದೆ. ಮೇಜಿನ ಮೇಲೆ ಜನ ಉಳಿಸಿಹೋದ ಬಾಟಲಿಗಳನ್ನೂ ಅವಳೇ ಎತ್ತುತ್ತಾಳೆ. ನನಗೆ ಭಯವಾಗಿದೆ. ಹೇಳುವುದೋ ಬೇಡವೋ ಎಂದು ಎರಡು ವಾರ ಒದ್ದಾಡಿದೆ. ಹೇಳಿದರೆ ನೀನು ಓಡಿ ಬರುತ್ತೀಯ. ಬಂದರೆ ನಿನ್ನ ಗತಿ?

ಡಾಟ್

•

18 ನವೆಂಬರ್

ಅಮ್ಮಾ,

ಡಾಟ್ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡ.

ನವೆಂಬರಿನ ಕೃತಜ್ಞತಾ ಹಬ್ಬಕ್ಕೆ ಒಂದು ದಿನದ ರಜೆ ಕೊಡುತ್ತಾರೆ. 27ನೇ ತಾರೀಖು ಶನಿವಾರ ಸಂಜೆ ಬರುತ್ತೇನೆ, ಭಾನುವಾರ ಮಧ್ಯಾಹ್ನದೊಳಗೆ ಇಲ್ಲಿ ಹಾಜರಿ ಹಾಕಬೇಕು. ತಿಂಗಳ ಕೊನೆಗೆ ಇಲ್ಲಿಂದ ಬಿಟ್ಟ ಮೇಲೆ ಪೂರ್ತಿ ಬಂದುಬಿಡುತ್ತೇನೆ. ಕ್ಲೆಮನ್ಸನಿಗೆ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತೇನೆ. ಮೇಜುಗಳನ್ನು ನಾನು ನೋಡಿಕೊಂಡರೆ ಆ ಲೋಟ ನಿನ್ನ ಕೈಗೆ ಬರುವುದಿಲ್ಲ.

ವೆಂಡೆಲ್ ನನ್ನನ್ನು ಬೈಯುತ್ತಿದ್ದಾನೆ. "ಇಬ್ರೂ ಮುಳುಗ್ತೀರ ಕಣೋ" ಅನ್ನುತ್ತಾನೆ. ನಾನು ಹೆದರಿಲ್ಲ ಎಂದು ಸುಳ್ಳು ಹೇಳುವುದಿಲ್ಲ ಅಮ್ಮ. ಆದರೂ ಬಸ್ಸಿನ ಟಿಕೇಟು ಕೊಂಡಾಗಿದೆ.

ಟಾನೋ

•

22 ನವೆಂಬರ್, ಸೋಮವಾರ

ಟಾನೋ,

ಬೆಳಿಗ್ಗೆ ಆರೂವರೆ. ಈ ಕಾಗದ ಬೇಗ ಮುಟ್ಟಲಿ ಎಂದು ಮುಖ್ಯ ಅಂಚೆ ಕಚೇರಿಗೆ ನಾನೇ ಒಯ್ಯುತ್ತೇನೆ.

ಬರಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಬರಬೇಡ. ಡಾಟ್ ಒಂದಕ್ಕೆ ನಾಲ್ಕು ಸೇರಿಸಿ ಹೇಳುವವಳು. ಯಾವತ್ತೋ ಒಂದು ದಿನ ನಿದ್ದೆ ಬರಲೆಂದು ಸ್ವಲ್ಪ ತೆಗೆದುಕೊಂಡಿರಬಹುದು. ಈಗ ಇಲ್ಲ. ಲೋಟವನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ನಾನು ಸರಿಯಾಗಿದ್ದೇನೆ.

ಹಬ್ಬದ ವಾರ ಹನ್ನೊಂದು ಮೇಜೂ ಎರಡು ಪಂಕ್ತಿಗೂ ತುಂಬಿವೆ. ಎಲ್ಲರೂ ತಮ್ಮಲ್ಲಿದ್ದ ಒಳ್ಳೆಯ ಬಾಟಲಿ ತರುತ್ತಾರೆ. ಅಂಥ ದಿನವೇ ಬರುತ್ತೀಯಾ? ನಿಮ್ಮಪ್ಪನನ್ನು ಮಣ್ಣು ಮಾಡಿದವಳು ನಾನು. ನಿನಗಾಗಿ ಇನ್ನೊಂದು ಕಪ್ಪು ಉಡುಪು ಹೊಲಿಸಬೇಕಾ?

ಟಿಕೇಟು ವಾಪಸು ಕೊಡು.

ಅಮ್ಮ

•

28 ನವೆಂಬರ್, ಭಾನುವಾರ

ಟಾನೋ,

ಸಂಜೆ ನಾಲ್ಕು ಗಂಟೆ. ನೀನು ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ನಾನು ಚರ್ಚಿಗೆ ಹೋಗಲಿಲ್ಲ. ಮನೆಗೆ ಬಂದು ನಿನ್ನೆಯ ಪಾತ್ರೆಗಳನ್ನೆಲ್ಲ ತೊಳೆದೆ. ಡಾಟ್ ಹನ್ನೊಂದಕ್ಕೆ ಬಂದಳು. ಅಕ್ಷರ ನಡುಗುತ್ತಿವೆ, ಓದಿಕೋ. ಈ ಸಲ ಒಲೆ ಸುಟ್ಟದ್ದಲ್ಲ.

ನಿನ್ನೆಯ ವಿಷಯ ನೀನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕಾಫಿ ಹಿಡಿದುಕೊಂಡು ಕೂತಿದ್ದೆವು, ಚಳಿಯ ಮಾತಾಡಿದೆವು. ಆದ್ದರಿಂದ ನಾನು ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಆರೂವರೆ ಆಗಿತ್ತು. ನಾನು ಕಿಂಡಿಯಲ್ಲಿ ಎರಡು ತಟ್ಟೆ ಇಡುತ್ತಿದ್ದೆ. ಬಾಗಿಲು ತೆರೆದು ಚಳಿಗಾಳಿ ಬಂತು. ಅಪ್ಪನ ಕೋಟು ಕಾಣಿಸಿತು. ಒಂದು ಕ್ಷಣ ಅವರೇ ಎಂದುಕೊಂಡೆ. ಆಮೇಲೆ ಎಲ್ಲರೂ ಹೋ ಎಂದು ಕೂಗಿದರು. ನಿನ್ನ ಬೆನ್ನು ತಟ್ಟಿದರು, ಕುರ್ಚಿಗಳು ಸರಿದವು. ಫೀನಿ ಎದ್ದು ನಿಂತ.

"ಕೊನೆಗೂ ಈಜ್ಕೊಂಡ್ ಬಂದ ನೋಡ್ರಪ್ಪಾ! ಬಾರೋ ಇಲ್ಲಿ. ಇದು ನನ್ ಮಗಳ ಮದ್ವೆಗೆ ಇಟ್ಟಿದ್ ಬಾಟ್ಲಿ. ಅವಳ್ ಮದ್ವೆ ಆಗೋ ಲಕ್ಷಣ ಇಲ್ಲ, ನೀನೇ ಕುಡಿ!"

"ಬೇಡ ಫೀನಿ ಮಾಮ."

"ಏನ್ ಬೇಡ? ನಿಮ್ಮಪ್ಪನ್ ಹೆಸ್ರಲ್ಲಿ ಕಣೋ, ಒಂದ್ ಗುಟುಕು!"

ತನ್ನ ಮೇಜಿನ ಲೋಟವೊಂದನ್ನು ತುಂಬಿಸಿ ನಿನ್ನ ಕೈಗೆ ಹಿಡಿಸಿದ. ನೀನು ಬೇಡ ಎಂದದ್ದನ್ನು ನಾನು ಕೇಳಿದೆ ಟಾನೋ, ಸ್ಪಷ್ಟವಾಗಿ ಕೇಳಿದೆ. ಆದರೂ ನಿನ್ನ ಬೆರಳು ಲೋಟದ ಸುತ್ತ ಮುಚ್ಚಿಕೊಂಡವು. ಎಲ್ಲರೂ ತಮ್ಮ ಲೋಟ ಎತ್ತಿ ನಿನಗಾಗಿ ಕಾಯುತ್ತಿದ್ದರು. ನೀನು ಕಿಂಡಿಯ ಕಡೆ ನೋಡಿದೆ.

ನಾನು ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡದ್ದು ಮಾತ್ರ ನೆನಪಿದೆ. ನಿನ್ನ ಕೈಯಿಂದ ಲೋಟ ಕಿತ್ತುಕೊಂಡೆ. ನೆಲಕ್ಕೆ ಸುರಿಯಬೇಕು, ಫೀನಿಯ ಮುಖಕ್ಕೆ ಎರಚಬೇಕು ಎಂದೇ ಬಂದಿದ್ದೆ. ದೇವರಾಣೆ, ಹಾಗೆಂದೇ ಬಂದಿದ್ದೆ. ಆದರೆ ಲೋಟ ನನ್ನ ಕೈಗೆ ಬಂದ ಮೇಲೆ ಕೈ ಬಾಯಿಯ ಕಡೆ ಹೋಯಿತು. ಕುಡಿದೆ. ಒಂದೇ ಉಸಿರಿಗೆ. ಕೊನೆಯ ಹನಿಗೆ ತಲೆ ಹಿಂದಕ್ಕೆ ಬಾಗಿಸಿದೆ. ಅದಾದ ಮೇಲೆ ಫೀನಿಯ ಬಾಟಲಿಯ ಕಡೆ ಲೋಟ ಚಾಚಿದೆ.

ಚಾಚಿದ್ದು ನನಗೆ ತಿಳಿದದ್ದು ಫೀನಿಯ ಮುಖ ನೋಡಿದಾಗ.

ಮೂಲೆಯ ಮೇಜಿನ ಹೊಸ ಹೆಂಗಸು, "ವೈನೇನಾದ್ರೂ ಕೆಟ್ಟಿದೆಯಾ?" ಎಂದು ಪಿಸುಗುಟ್ಟಿದಳು. ನೀನು ಕರವಸ್ತ್ರ ತೆಗೆದು ನನ್ನ ಗಲ್ಲ ಒರೆಸಿದೆ. ನಿನಗೆ ಎರಡು ವರ್ಷವಾಗಿದ್ದಾಗ ನಾನು ಒರೆಸುತ್ತಿದ್ದ ಹಾಗೆ ಒರೆಸಿದೆ. ಆಗ ನನಗೆ ಬಾಯಿ ಬಂತು.

"ಇವನು ನ್ಯೂಜೆರ್ಸೀಲಿ ಇಲ್ಲ. ಕುಡಿತ ಬಿಡಿಸೋ ಕಡೆ ಇದಾನೆ. ಇವರಪ್ಪ ಸತ್ತಿದ್ದೂ ಅದ್ರಿಂದ್ಲೇ. ನೀವು ಎರ್ಕೊಲೆಗೆ ಅಂತ ಸುರೀತೀರಲ್ಲ, ಅದನ್ನ ದಿನಾ ಕುಡಿಯೋಳು ನಾನು."

ಫೀನಿ ಬಾಟಲಿಯನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡಿದ್ದ. "ಲೊರೆಟಾ, ನಾನು ಪ್ರೀತಿಯಿಂದ ಮಾಡಿದ್ದು ಕಣೆ."

"ಗೊತ್ತು ಫೀನಿ. ಅದಕ್ಕೇ ನನ್ ಗಂಡ ಬೇಡ ಅನ್ಲಿಲ್ಲ."

ಆಮೇಲಿನದು ನಿನಗೆ ಗೊತ್ತು. ಅರ್ಧ ಜನ ತಟ್ಟೆಯಲ್ಲಿದ್ದುದನ್ನು ಬಿಟ್ಟು ಹೋದರು. ಫೀನಿಯ ಹೆಂಡತಿ ಹೋಗುವಾಗ ನನ್ನ ಕೈ ಹಿಡಿದುಕೊಂಡಳು, ಫೀನಿ ನನ್ನ ಕಡೆ ನೋಡಲಿಲ್ಲ. ನೀನು ಕೋಟು ಬಿಚ್ಚಿ ಅಡುಗೆಮನೆಗೆ ಬಂದು ಉಳಿದವರಿಗೆ ಅಡುಗೆ ಮುಗಿಸಿದೆ. ನಾನು ಸ್ಟೂಲಿನ ಮೇಲೆ ಕೂತು ನೋಡಿದೆ. ನಿನ್ನ ಚಾಕು ಈಗ ಚೆನ್ನಾಗಿ ಓಡುತ್ತದೆ.

ನಾನು ಇಷ್ಟು ದಿನ ಹೆದರಿದ್ದು ನೀನು ಕುಡಿದುಬಿಡುತ್ತೀಯ ಎಂದು. ನೀನು ಬರುತ್ತಿದ್ದುದು ನನಗಾಗಿ. ಹಾಗಾದರೆ ನಿನ್ನನ್ನು ಆ ಮೇಜಿನ ಮುಂದೆ ನಿಲ್ಲಿಸಿದವಳು ನಾನೇ, ಫೀನಿಯಲ್ಲ. ಇದನ್ನು ಇಡೀ ದಿನ ಯೋಚಿಸಿದೆ.

ಜನ ಬಿಟ್ಟುಹೋದ ಏಳು ಬಾಟಲಿ ಬೆಳಿಗ್ಗೆ ಕಟ್ಟೆಯ ಮೇಲಿದ್ದವು. ಡಾಟ್ ಬರುವ ತನಕ ಅವುಗಳ ಜೊತೆ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಮುಟ್ಟಲಿಲ್ಲ ಎಂದು ಬರೆಯಲು ಆಸೆ. ಒಂದನ್ನು ಮುಟ್ಟಿದೆ. ಉಳಿದ ಆರನ್ನು ಡಾಟ್ ಬೀದಿಯ ಚರಂಡಿಗೆ ಸುರಿದಳು. ಒಳಗೆ ಬಂದು, "ನಮ್ ಬೀದಿ ಇಲಿಗಳು ಇವತ್ತು ಹಾಡ್ತಾವೆ ನೋಡು" ಎಂದಳು. ಆಮೇಲೆ ಅವಳೂ ಅತ್ತಳು.

ಮಧ್ಯಾಹ್ನ ಅವಳೇ ಫೋನು ಮಾಡಿ ಕೊಟ್ಟಳು, ನಾನು ಮಾತಾಡಿದೆ. ಹೆಂಗಸರಿಗೆಂದೇ ಇರುವ, ಕುಡಿತ ಬಿಡಿಸುವ ಜಾಗ, ಊರ ಹೊರಗೆ, ಇಪ್ಪತ್ತೆಂಟು ದಿನ. ಒಂದು ಹಾಸಿಗೆ ಖಾಲಿ ಇದೆ. ಫೋನಿನಲ್ಲಿದ್ದವಳು ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಕೇಳಿದಳು. ಹೇಳಿದೆ.

ಹೋಟೆಲು ಮುಚ್ಚಿದೆ ಎಂದು ಡಾಟ್ ಕಾಗದ ಬರೆದು ಬಾಗಿಲಿಗೆ ಅಂಟಿಸಿದ್ದಾಳೆ. ಎಂದು ತೆರೆಯುತ್ತದೆ ಎಂದು ಬರೆದಿಲ್ಲ. ನೀನು ಬಂದು ತೆರೆಯಬೇಡ. ಕ್ಲೆಮನ್ಸನ ಹತ್ತಿರ ಹೋಗಿ ಕೆಲಸಕ್ಕೆ ಬರುತ್ತೇನೆ ಎಂದು ಹೇಳು. ಬೇರೆಯವರನ್ನು ತೆಗೆದುಕೊಂಡಿದ್ದರೂ ಹೋಗಿ ಕೇಳು. ಹೇಳುತ್ತೀಯೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಮೊದಲ ವಾರ ಅಲ್ಲಿ ಕಾಗದವನ್ನೂ ಕೊಡುವುದಿಲ್ಲವಂತೆ.

ನನಗೆ ತುಂಬ ಭಯವಾಗುತ್ತಿದೆ. ಕೈ ನಡುಗುವುದು ಹೆಚ್ಚಾಗುತ್ತಿದೆ, ಇನ್ನೂ ಹೆಚ್ಚಾಗುತ್ತದೆ ಎಂದು ಅವಳು ಮೊದಲೇ ಹೇಳಿದ್ದಾಳೆ. ನಿನಗೂ ಹೀಗೇ ಆಗಿತ್ತಾ? ನಾನು ಆಗ ಕೇಳಲೇ ಇಲ್ಲ.

ಡಾಟ್ ಇವತ್ತು ಇಲ್ಲೇ ಇರುತ್ತಾಳೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನನ್ನು ಒಳಗೆ ಸೇರಿಸಿಕೊಳ್ಳುತ್ತಾರೆ.

ನಿನ್ನ ಅಮ್ಮ,
ಲೊರೆಟಾ